ಹಳದಿಬಟ್ಟಲಿನ ಗೆಡ್ಡೆಗಳು

ನನ್ನ ಹಳೆಯ ಟಿಪ್ಪಣಿ ಪುಸ್ತಕವೊಂದರಲ್ಲಿ ಒಂದು ಪುಟವಿದೆ. ಮೇಲೆ ‘ನರ್ಗಿಸ್’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಅದರ ಕೆಳಗೆ ಐದು ಸಾಲು. ಮಳೆಗಾಲದಲ್ಲಿ ನೆಲದಲ್ಲಿ ಬಿಡಬಾರದು. ಗೆಡ್ಡೆ ಕಿತ್ತು ನೆರಳಲ್ಲಿ ಒಣಗಿಸಿ ಬೆಚ್ಚಗೆ ಇಡಬೇಕು. ದೀಪಾವಳಿ ಕಳೆದ ಮೇಲೆ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು. ದನ, ಮೇಕೆ, ಮಂಗ ಮುಟ್ಟುವುದಿಲ್ಲ.

ಐದನೆಯ ಸಾಲನ್ನು ಅನುಕೂಲವೆಂದು ತಿಳಿದು ಬರೆದುಕೊಂಡೆ. ಯಾಕೆ ಮುಟ್ಟುವುದಿಲ್ಲ ಎಂದು ಕೇಳಲಿಲ್ಲ. ಆಗ ನನ್ನ ಕಸುಬೇ ಕೇಳುವುದಾಗಿತ್ತು.

ಅರವತ್ತರ ದಶಕದ ನಡುವಿನ ವರ್ಷಗಳವು. ನಾನು ಸಾಗರದಲ್ಲಿ ಒಂದು ದಿನಪತ್ರಿಕೆಯ ಬಾತ್ಮೀದಾರನಾಗಿದ್ದೆ. ಮಧ್ಯಾಹ್ನದ ಮೇಲೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಬೆಳಗಿನ ಹೊತ್ತು ಸುದ್ದಿಗೆ. ಒಂಬತ್ತಕ್ಕೆ ಆಸ್ಪತ್ರೆ, ಹತ್ತಕ್ಕೆ ಪೊಲೀಸ್ ಠಾಣೆ, ಹನ್ನೊಂದಕ್ಕೆ ತಾಲ್ಲೂಕು ಕಚೇರಿ. ಹೊಸನಗರ ತಾಲ್ಲೂಕೂ ನನ್ನ ಪಾಲಿಗೇ ಇತ್ತು. ತೀರ್ಥಹಳ್ಳಿಯ ಬಾತ್ಮೀದಾರ ಕಾಯಿಲೆ ಬಿದ್ದರೆ ಅದೂ ನನಗೇ. ಆ ದಿನಗಳಲ್ಲಿ ಬರೆಯಲು ಸುದ್ದಿಗೆ ಕೊರತೆಯಿರಲಿಲ್ಲ. ಅಣೆಕಟ್ಟಿನ ನೀರು ಏರಿತ್ತು. ಊರುಗಳು ಖಾಲಿಯಾಗಿದ್ದವು. ಊರು ಬಿಟ್ಟವರು ಸಾಗರದ ಅಂಚಿನಲ್ಲಿ ಜೋಪಡಿ ಹಾಕಿಕೊಂಡು ಸರ್ಕಾರ ಕೊಡುವ ಜಮೀನಿಗಾಗಿ ಕಾಯುತ್ತಿದ್ದರು. ಅಕ್ಕಿಗೆ ರೇಷನ್ ಬಂದಿತ್ತು. ಇದನ್ನೆಲ್ಲ ನಾನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ವಿಶೇಷಣ ಬಳಸದೆ, ಬರೆದು ಕಳಿಸುತ್ತಿದ್ದೆ. ವಿಶೇಷಣ ಬಳಸದಿದ್ದರೆ ಸತ್ಯ ಹೇಳಿದ ಹಾಗೆ ಎಂದು ನಂಬಿದ್ದೆ.

ಗೆಡ್ಡೆಗಳು ಸಿಕ್ಕಿದ್ದು ಅಣೆಕಟ್ಟಿನ ಕಾಲೊನಿಯಲ್ಲಿ. ಕೆಲಸ ಮುಗಿದು ಎಂಜಿನಿಯರುಗಳಿಗೆ ವರ್ಗವಾಗುತ್ತಿತ್ತು. ಒಂದು ಕ್ವಾರ್ಟರ್ಸಿನ ಮುಂದೆ ಲಾರಿ ನಿಂತಿತ್ತು. ಸಾಮಾನು ತಾಳಗುಪ್ಪದ ಸ್ಟೇಷನ್ನಿಗೆ ಹೋಗುವುದಿತ್ತು. ಎಂಜಿನಿಯರ್ ಒಳಗೆ ಪೆಟ್ಟಿಗೆ ಕಟ್ಟಿಸುತ್ತಿದ್ದರು. ಅವರ ಹೆಂಡತಿ, ಉತ್ತರದ ಗುಡ್ಡಗಾಡಿನ ಕಡೆಯವರು, ಮೆಟ್ಟಿಲ ಮೇಲೆ ಕುಳಿತು ಮಣ್ಣಿನ ಕುಂಡಗಳನ್ನು ಬೋರಲು ಹಾಕಿ ಕಂದು ಸಿಪ್ಪೆಯ ಗೆಡ್ಡೆಗಳನ್ನು ಆರಿಸುತ್ತಿದ್ದರು. ನನ್ನ ಅರೆಬರೆ ಹಿಂದಿಯಲ್ಲಿ ಇದೇನು ಎಂದು ಕೇಳಿದೆ. ಚಳಿಗಾಲದಲ್ಲಿ ಬನ್ನಿ, ಪರಿಮಳವೇ ದಾರಿ ತೋರಿಸುತ್ತದೆ ಎಂದರು. ಆಮೇಲೆ ತಾವೇ ನಕ್ಕು, ಚಳಿಗಾಲದಲ್ಲಿ ನಾವೆಲ್ಲಿರುತ್ತೇವೋ, ನೀವೇ ಇಟ್ಟುಕೊಳ್ಳಿ ಎಂದು ಅರ್ಧ ಚೀಲ ಕೊಟ್ಟರು. ನಾನು ಪುಸ್ತಕ ತೆಗೆದು ಅವರು ಹೇಳಿದ್ದನ್ನು ಬರೆದುಕೊಂಡೆ. ಐದು ಸಾಲು.

ನಮ್ಮದು ಊರೊಳಗಿನ ಓಣಿಯ ಬಾಡಿಗೆ ಮನೆ. ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕ ನಾಲ್ಕು ಮಾರು ಜಾಗ. ಕೆಂಪು ಜಿಗುಟು ಮಣ್ಣು. ಹೊಳೆಯ ಮರಳು ತಂದು ಬೆರೆಸಿ, ಮಡಿ ಎತ್ತರಿಸಿ ನೆಟ್ಟೆ. ಕಾಲುಭಾಗ ಕೊಳೆಯಿತು. ಉಳಿದವು ಬೆಳ್ಳುಳ್ಳಿ ಗಿಡದಂಥ ಎಲೆ ಬಿಟ್ಟವು. ಸಂಕ್ರಾಂತಿಯ ಹೊತ್ತಿಗೆ ಒಂದೊಂದು ದಂಟಿನ ತುದಿಯಲ್ಲಿ ಐದಾರು ಸಣ್ಣ ಹೂವು. ಬಿಳಿಯ ಎಸಳುಗಳ ನಡುವೆ ಬೆರಳ ತುದಿಯಷ್ಟು ಹಳದಿ ಬಟ್ಟಲು. ಬೆಳಿಗ್ಗೆ ನೀರು ಸೇದಲು ಹೋದರೆ ಹಗ್ಗ ಹಿಡಿಯುವ ಮೊದಲೇ ವಾಸನೆ ಬರುತ್ತಿತ್ತು.

ಅಮ್ಮ ಹೂವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಅವಳು ಮುಡಿದವಳಲ್ಲ. ಅವಳ ಪಾಲಿಗೆ ಹೂವೆಂದರೆ ದೇವರಿಗೆ ಏರಿಸುವುದು.

“ಇದ್ರ ಹೆಸ್ರು ಎಂತ?”

“ನರ್ಗಿಸ್ ಹೇಳಿ ಹೆಸ್ರು.”

“ಅದು ನನ್ನ ಬಾಯಲ್ಲಿ ನಿಲ್ತಿಲ್ಲೆ. ಹೆಸ್ರು ಗೊತ್ತಿಲ್ಲದ್ದನ್ನ ದೇವ್ರಿಗೆ ಹ್ಯಾಂಗೆ ಏರ್ಸದು?” ಸ್ವಲ್ಪ ಹೊತ್ತು ಯೋಚಿಸಿದಳು. “ನಂದಿಬಟ್ಲು ಇದ್ದಲೆ, ಇದು ಹಳದಿಬಟ್ಲು. ಆತು. ಈಗ ದೇವ್ರಿಗೂ ಗೊತ್ತಾತು.”

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ವಾಸನೆ ಜೋರಿದ್ದು ಅತ್ತೆ, ದೇವ್ರಿಗೆ ತಲೆನೋವು ಬಕ್ಕು” ಎಂದಳು. ಅಮ್ಮ ನಕ್ಕಳು. ನನ್ನ ಹೆಂಡತಿ ಕೋಣಂದೂರಿನ ಕಡೆಯವಳು. ಮದುವೆಯಾಗಿ ಎರಡನೆಯ ವರ್ಷ. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಹಳ ಎಚ್ಚರದಿಂದಿದ್ದರು. ಎಚ್ಚರ ಹೆಚ್ಚಾದಷ್ಟೂ ಮಾತು ಕಡಿಮೆಯಾಗುತ್ತದೆಂಬುದು ನನಗೆ ಆಗ ಹೊಳೆದಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಕಟ್ಟಳೆ ಹೇಳಬೇಕು. ನಮ್ಮ ಮನೆಯೊಳಕ್ಕೆ ನೀರುಳ್ಳಿ ಬರುತ್ತಿರಲಿಲ್ಲ. ತಿನ್ನುವ ಮಾತು ದೂರ, ಹೊಸ್ತಿಲು ದಾಟಿದ್ದೇ ಇಲ್ಲ. ನಾನು ಹೋಟೆಲಿನಲ್ಲಿ ತಿನ್ನುತ್ತಿದ್ದೆ, ಅಮ್ಮನಿಗೆ ಗೊತ್ತಿತ್ತು. “ಬಾಯಿ ತೊಳ್ಕಂಡು ಒಳಗೆ ಬಾ” ಎನ್ನುತ್ತಿದ್ದಳು, ಅಷ್ಟೆ. ಆದರೆ ಅವಳು ತನ್ನ ಆಯುಷ್ಯದಲ್ಲಿ ಒಂದು ನೀರುಳ್ಳಿಯನ್ನೂ ಹೆಚ್ಚಿದವಳಲ್ಲ. ಅಂಗಡಿಯ ಮುಂದೆ ರಾಶಿ ಹಾಕಿದ್ದನ್ನು ನೋಡಿದ್ದಳು. ದುಂಡಗೆ ಇರುತ್ತದೆ, ಮೇಲೆ ಒಣ ಸಿಪ್ಪೆ ಇರುತ್ತದೆ. ಅವಳಿಗೆ ತಿಳಿದದ್ದು ಅಷ್ಟು.

ಮೇ ತಿಂಗಳಲ್ಲಿ ಅಮ್ಮ ಹೊಸನಗರಕ್ಕೆ, ನನ್ನ ತಂಗಿಯ ಬಾಣಂತನಕ್ಕೆ ಹೋದಳು. ಅದೇ ಹೊತ್ತಿಗೆ ಎಲೆಗಳು ಒಣಗಿದವು. ನಾನು ಗೆಡ್ಡೆ ಕಿತ್ತು, ಮಣ್ಣು ಉದುರಿಸಿ, ನಮ್ಮಲ್ಲಿ ಬೀಜ ಕಾಪಿಡುವ ಹಾಗೆ ಬೂದಿ ಸವರಿ, ಬಿದಿರು ಬುಟ್ಟಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬುಟ್ಟಿಯ ಅಂಚು ಹರಿದಿತ್ತು. ಪತ್ರಿಕೆಯ ಕಟ್ಟಿಗೆ ಸುತ್ತಿ ಬರುತ್ತಿದ್ದ ನೀಲಿ ಹುರಿಯಿಂದ ಅದನ್ನು ಬಿಗಿದೆ. ಮಳೆಗಾಲ ಪೂರ್ತಿ ಹೊಗೆ ಕುಡಿದ ಗೆಡ್ಡೆಗಳು ಒಳ್ಳೆಯ ಹೂವು ಬಿಡುತ್ತವೆ ಎಂದು ಎಷ್ಟೋ ವರ್ಷಗಳ ನಂತರ ತೋಟಗಾರಿಕೆ ತಿಳಿದವರೊಬ್ಬರು ಹೇಳಿದರು. ನಾನು ಹೊಗೆಯನ್ನು ಆರಿಸಿದ್ದು ಆ ಜ್ಞಾನದಿಂದಲ್ಲ. ಮಳೆಗಾಲದಲ್ಲಿ ಮನೆಯಲ್ಲಿ ಒಣಗಿದ ಜಾಗವೆಂದು ಇದ್ದದ್ದು ಅದೊಂದೇ.

ಹೆಂಡತಿ ಕೆಳಗೆ ನಿಂತು ನೋಡುತ್ತಿದ್ದಳು. “ನೋಡಿದವು ನೀರುಳ್ಳಿನೇ ಹೇಳ್ತ. ಅತ್ತೆಗೆ ನಿಂಗನೇ ಹೇಳಿ. ನಾ ಹೇಳಿದ್ರೆ ಬೇರೆ ಥರ ಕಾಣ್ತು.”

ಹೇಳುತ್ತೇನೆ ಎಂದೆ. ಅಮ್ಮ ಬಂದದ್ದು ಶ್ರಾವಣದಲ್ಲಿ. ಅಷ್ಟರಲ್ಲಿ ಹೆಂಡತಿ ಬಸುರಿ. ಮನೆಯ ಮಾತೆಲ್ಲ ಅದರ ಸುತ್ತ. ನಾನು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಮರೆತದ್ದು. ನಂತರ ನಡೆದುದಕ್ಕೆ ಈ ವ್ಯತ್ಯಾಸದಿಂದ ಏನೂ ಬದಲಾಗುವುದಿಲ್ಲ.

ನಮ್ಮ ಮನೆಗೆ ಹೊರಗೆಲಸಕ್ಕೆ ಬರುತ್ತಿದ್ದವಳು ಹೊಸನಗರ ತಾಲ್ಲೂಕಿನ ಮುಳುಗಿದ ಊರೊಂದರವಳು. ಗಂಡ ಮರ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದ. ಏಳೆಂಟು ವರ್ಷದ ಒಬ್ಬಳು ಮಗಳು. ಊರಂಚಿನ ಜೋಪಡಿಯಿಂದ ದಿನಾ ಬಂದು ಅಂಗಳ ಗುಡಿಸಿ, ಪಾತ್ರೆ ಬೆಳಗಿ, ಇನ್ನೆರಡು ಮನೆಗೆ ಹೋಗುತ್ತಿದ್ದಳು. ಅವಳಿಗೆ ಕಾಡಿನ ತಿನಿಸುಗಳ ವಿಷಯದಲ್ಲಿ ಇದ್ದ ತಿಳಿವಳಿಕೆ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಕಳಲೆಯನ್ನು ಎಷ್ಟು ದಿನ ನೀರಲ್ಲಿಡಬೇಕು, ಯಾವ ಕೆಸು ನಾಲಿಗೆ ತುರಿಸುತ್ತದೆ, ಯಾವ ಗೆಡ್ಡೆಯನ್ನು ಯಾವ ತಿಂಗಳಲ್ಲಿ ಅಗೆಯಬೇಕು, ಎಲ್ಲ ಗೊತ್ತಿತ್ತು. ನನ್ನ ಹೆಂಡತಿ ತಂದ ಕೆಸುವಿನ ಎಲೆಯನ್ನು ಒಮ್ಮೆ ತಿರುಗಿಸಿ ನೋಡಿ, “ಇದ್ನ ಬೇಯ್ಸಿ ಅಯ್ಯಂಗೆ ಹಾಕಿದ್ರೆ ಎರ್ಡು ದಿನ ಪೇಪರ್‌ಗೆ ರಜಾನೇ, ಸಣ್ಣಮ್ಮಾ” ಎಂದು ನಗಿಸಿದ್ದಳು.

ಚೌತಿಗೆ ಮೂರು ದಿನವಿತ್ತು. ದೊಡ್ಡ ಪಾತ್ರೆ ಇಳಿಸಲು ಅಮ್ಮ ಅಟ್ಟಕ್ಕೆ ಏಣಿ ಹಾಕಿದಳು. ಬುಟ್ಟಿ ಕಂಡಿತು. ಆಗ ಏನಾಯಿತೆಂಬುದನ್ನು ಅವಳೇ ನನಗೆ ಆಮೇಲೆ ಹೇಳಿದಳು. ಮಗನಿಗಂತೂ ಹೋಟೆಲು ಇದೆ, ಅವನು ಮನೆಯಲ್ಲಿ ಬಚ್ಚಿಡಬೇಕಾಗಿಲ್ಲ. ಹಾಗಾದರೆ ಇದು ಸೊಸೆಯ ಕೆಲಸ. ಬಸುರಿಯ ಬಾಯಿ ಬೇಡಿದೆ. ಕೇಳಿದರೆ ಹುಡುಗಿ ನಾಚಿಕೆಯಿಂದ ಸಾಯುತ್ತಾಳೆ. ಚೌತಿಗೆ ನೆಂಟರು ಬರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಕೋಣಂದೂರಿನವರೆಗೆ ಮಾತು ಹೋಗುತ್ತದೆ. ಅಮ್ಮ ಬುಟ್ಟಿಗೆ ಒಂದು ಹಳೆ ಬಟ್ಟೆ ಮುಚ್ಚಿ ಸಂಜೆ ಹಿತ್ತಿಲ ಬಾಗಿಲಲ್ಲಿ ಹೊರಗೆಲಸದವಳ ಕೈಗೆ ಕೊಟ್ಟಳು.

“ನೀರುಳ್ಳಿ. ತಗಂಡು ಹೋಗು. ನಮ್ಮನೆಯಿಂದ ಬಂದಿದ್ದು ಅಂತ ಯಾರ ಹತ್ರನೂ ಬಾಯಿ ಬಿಡ್ಬೇಡ. ದೇವ್ರಾಣೆ ಹಾಕು.”

“ದೇವ್ರಾಣೆ ಅಮ್ಮ. ನಾನು ಹೇಳಾಕಿಲ್ಲ. ಬಾಯಿ ವಾಸ್ನೆ ಹೇಳಿದ್ರೆ ನನ್ನ ಕೇಳ್ಬೇಡಿ.”

ಅಕ್ಕಿಯೇ ಅಳೆದು ಸಿಗುತ್ತಿದ್ದ ಕಾಲದಲ್ಲಿ ಒಂದು ಬುಟ್ಟಿ ನೀರುಳ್ಳಿ. ಅವಳು ಸಂತೋಷದಿಂದಲೇ ಹೋದಳಂತೆ.

ಮರುದಿನ ಒಂಬತ್ತಕ್ಕೆ ನಾನು ಆಸ್ಪತ್ರೆಗೆ ಹೋದಾಗ ಜಗಲಿಯಲ್ಲಿ ಗಲಾಟೆಯಿತ್ತು. ಗಂಡ, ಹೆಂಡತಿ, ಮಗು, ಮೂವರಿಗೂ ವಾಂತಿ. ಬೆಳಗಿನ ಗಂಜಿ ಉಂಡು ಅರ್ಧ ಗಂಟೆಯೊಳಗೆ ಶುರುವಾಗಿತ್ತು. ಗಂಡ ಗೋಡೆಗೆ ಒರಗಿ ನಡುಗುತ್ತಿದ್ದ. ಮಗು ವಾಂತಿಯನ್ನೂ ನಿಲ್ಲಿಸಿ ಸುಮ್ಮನೆ ಮಲಗಿತ್ತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಆ ಹೆಂಗಸು ಯಾರೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ದಿನಾ ಅಂಗಳದಲ್ಲಿ ನೋಡುವ ಮುಖವನ್ನು ಆ ಜಾಗದಲ್ಲಿ ನಿರೀಕ್ಷಿಸಿರಲಿಲ್ಲ.

ಡಾಕ್ಟರು ಮೈಸೂರಿನ ಕಡೆಯವರು, ಸಮಾಧಾನದ ಮನುಷ್ಯ. ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೇಳುತ್ತಿದ್ದರು. “ಏನು ತಿಂದ್ರಿ ಹೇಳಮ್ಮ. ಸರಿಯಾಗಿ ಹೇಳು.”

“ಗಂಜಿ, ಒಣಮೀನು.”

“ಅದಕ್ಕೆ ಏನು ಹಾಕಿದ್ದೆ? ನಿಮ್ಮ ಸಾಲಿನಲ್ಲಿ ಬೇರೆ ಯಾರಿಗಾದ್ರೂ ಆಗಿದೆಯಾ?”

“ಏನಿಲ್ಲ. ಗಂಜಿ, ಒಣಮೀನು.”

ಅವಳು ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

ಡಾಕ್ಟರು ಎದ್ದು ನನ್ನ ಕಡೆ ಬಂದರು. “ಕಾಲರಾ ಅಂತ ಹೇಳೋಕೆ ಭಯ. ಹೇಳಿದ್ರೆ ಆ ಜೋಪಡಿ ಸಾಲನ್ನೇ ಊರೊಳಗೆ ಬಿಡಲ್ಲ. ವಿಷ ಅಂದ್ರೆ ಈ ಕ್ಷಣ ಹೊಟ್ಟೆ ತೊಳೀಬೇಕು. ಆ ಮಗು ಇರೋ ಸ್ಥಿತೀಲಿ ಸುಮ್ಮನೆ ಕೊಳವೆ ಹಾಕೋಕೂ ಧೈರ್ಯ ಬರ್ತಿಲ್ಲ. ಏನು ತಿಂದಿದ್ದಾರೆ ಅಂತ ಗೊತ್ತಾದ್ರೆ ಸಾಕು.”

ಅಷ್ಟರಲ್ಲಿ ಪಕ್ಕದ ಜೋಪಡಿಯ ಅಜ್ಜಿಯೊಬ್ಬಳು ಒಲೆಯ ಹತ್ತಿರ ಇದ್ದುದನ್ನೆಲ್ಲ ಹೊತ್ತು ತಂದಳು. ಡಾಕ್ಟರು ತರಲು ಹೇಳಿ ಕಳಿಸಿದ್ದರು. ಒಂದು ಮಣ್ಣಿನ ಗಡಿಗೆ, ತಳದಲ್ಲಿ ಸ್ವಲ್ಪ ಸಾರು. ಒಂದು ಬುಟ್ಟಿ. ಬುಟ್ಟಿಯ ಅಂಚಿಗೆ ನೀಲಿ ಹುರಿ.

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತು.

ನಾನು ಬುಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬೂದಿ ಸವರಿದ ಗೆಡ್ಡೆಗಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನು ಬಂತು ಎಂಬುದನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲು ಬಂದದ್ದು ಇವಳು ಕದ್ದಿದ್ದಾಳೆ ಎಂಬ ಯೋಚನೆ. ಎರಡನೆಯದು, ನನ್ನ ಹೆಂಡತಿ ಕೊಟ್ಟಿರಬಹುದೆ ಎಂಬುದು. ಮೂರನೆಯದು, ವಿಷದ ಪ್ರಕರಣವೆಂದರೆ ಪೊಲೀಸರು ಬರುತ್ತಾರೆ. ಬುಟ್ಟಿ ಯಾರ ಮನೆಯದೆಂದು ಕೇಳುತ್ತಾರೆ. ಬಸುರಿ ಹೆಂಡತಿಯನ್ನು, ಮಡಿಯ ಅಮ್ಮನನ್ನು ಠಾಣೆಯವರು ಪ್ರಶ್ನಿಸುತ್ತಾರೆ. ಮಂಗ ಮುಟ್ಟುವುದಿಲ್ಲ ಎಂಬ ಸಾಲು ನಾಲ್ಕನೆಯದಾಗಿ ನೆನಪಾಯಿತು. ಅದು ಮೊದಲು ನೆನಪಾಗಬೇಕಿತ್ತು.

ನಾನು ಜಗಲಿಯಿಂದ ಇಳಿದು ಅಂಗಳದಲ್ಲಿ ನಿಂತೆ. ಏನೂ ಮಾಡಲಿಲ್ಲ. ಸೈಕಲ್ಲಿನ ಹತ್ತಿರ ಹೋಗಿ ಮತ್ತೆ ಬಂದೆ. ಒಳಗೆ ಡಾಕ್ಟರು ಗಡಿಗೆಯ ಸಾರನ್ನು ಮೂಸಿ, ಮೀನನ್ನು ಚಮಚದಿಂದ ತಿರುವಿ ನೋಡುತ್ತಿದ್ದರು. ಬುಟ್ಟಿಯ ಕಡೆ ನೋಡಿ, ನೀರುಳ್ಳಿ ಎಂದುಕೊಂಡು ಬಿಟ್ಟರು. ಅಜ್ಜಿ ಮಗುವಿನ ಕಾಲು ಉಜ್ಜುತ್ತಿದ್ದಳು.

ನಾನು ಒಳಗೆ ಹೋಗಿ, “ಅದು ನೀರುಳ್ಳಿಯಲ್ಲ. ಹೂವಿನ ಗೆಡ್ಡೆ. ನನ್ನ ಮನೆಯದು” ಎಂದಾಗ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತೈದು. ಹದಿನೈದು ನಿಮಿಷ. ವಕೀಲರು ಮಾತ್ರ ಕೇಳುವಂಥ ಲೆಕ್ಕವಿದು. ಯಾರೂ ನನ್ನನ್ನು ಕೇಳಲಿಲ್ಲ.

ಡಾಕ್ಟರು ಒಂದು ಗೆಡ್ಡೆ ಸೀಳಿದರು, ಮೂಸಿದರು. “ವಾಸನೆಯೇ ಇಲ್ಲವಲ್ಲ” ಎಂದರು. ಕೂಡಲೇ ರಬ್ಬರ್ ಕೊಳವೆ ತರಲು ಕೂಗಿ ಹೇಳಿದರು. ಮೊದಲು ಮಗುವಿಗೆ. ನಾನು ಮಗುವಿನ ತಲೆ ಹಿಡಿದೆ. ಆ ಹೆಂಗಸು ಹಾಸಿಗೆಯಿಂದಲೇ ನನ್ನತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು: “ನಾನು ಹೇಳ್ಲಿಲ್ಲ ಅಯ್ಯಾ. ಅಮ್ಮಂಗೆ ಹೇಳಿ, ನಾನು ಹೇಳ್ಲಿಲ್ಲ.”

ಮಗು ಸಂಜೆಯವರೆಗೂ ಕಣ್ಣು ಬಿಡಲಿಲ್ಲ.

ಮಧ್ಯಾಹ್ನ ಮನೆಗೆ ಹೋಗಿ, “ಅಟ್ಟದ ಮೇಲಿನ ಬುಟ್ಟಿ ಎಲ್ಲಿ?” ಎಂದು ಅಮ್ಮನನ್ನು ಕೇಳಿದೆ. ಅಮ್ಮ ಅಡಿಗೆಮನೆಯಲ್ಲಿದ್ದ ಸೊಸೆಯ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದಳು. “ಕೂಸು ನಿಂಗೆ ಹೇಳಿದ್ದಾ? ಬೈಯಡ ಅದ್ಕೆ. ಬಸುರಿ, ಬಾಯಿಗೆ ಬೇಕಾಗಿಕ್ಕು. ಕೇಳಿದ್ರೆ ಅದ್ಕೆ ನಾಚ್ಕೆ. ಅದ್ಕೇ ನಾನೇ ಸುಮ್ನೆ ಕೊಟ್ಟು ಕಳ್ಸಿದಿ.”

“ಅದನ್ನ ಇಟ್ಟಿದ್ದು ನಾನು. ಅದು ಹಳದಿಬಟ್ಲಿನ ಗೆಡ್ಡೆ.”

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಹೂವಿಗೆ ಹೆಸರಿಟ್ಟು ದೇವರ ತಲೆಗೆ ಏರಿಸಿದವಳಿಗೆ ಅದರ ಬುಡ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಆಸ್ಪತ್ರೆಯ ವಿಷಯ ಹೇಳಿದೆ. ಹೆಂಡತಿ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನಾ ನಾಲ್ಕು ತಿಂಗ್ಳಿಂದ ಆ ಬುಟ್ಟಿ ಕೆಳಗೇ ಅಡಿಗೆ ಮಾಡ್ತಾ ಇದ್ದಿ” ಎಂದಳು. “ನಂಗೆ ಒಂದು ಮಾತು ಕೇಳ್ಲಾಗಿತ್ತು, ಅತ್ತೆ.” ಆಮೇಲೆ ನನ್ನ ಕಡೆ ತಿರುಗಿ, “ನಿಂಗ ಒಂದು ಮಾತು ಹೇಳ್ಲಾಗಿತ್ತು” ಎಂದಳು. ಒಳಗೆ ಹೋದಳು.

ಅಮ್ಮ ಊಟ ಮಾಡಲಿಲ್ಲ. ಸೀರೆಯ ಸೆರಗು ಬಿಗಿದುಕೊಂಡು ಆಸ್ಪತ್ರೆಗೆ ನಡೆದಳು. ಅವಳು ಆ ಕಟ್ಟಡದೊಳಗೆ ಹಿಂದೆಂದೂ ಕಾಲಿಟ್ಟಿರಲಿಲ್ಲ. ನಾನು ಹಿಂದೆ ಹೋದೆ. ಹಾಸಿಗೆಯ ಪಕ್ಕ ನಿಂತು ಅಮ್ಮ ಹೇಳಿದಳು: “ಹೇಳ್ಬೇಡ ಅಂದವಳು ನಾನು. ಆಣೆ ನಾನು ವಾಪಸ್ ತಗಂಡಿದೀನಿ. ಇನ್ಮೇಲೆ ಎಲ್ಲರ ಹತ್ರನೂ ಹೇಳು.”

ಹೊರಗೆಲಸದವಳು ಮಗುವಿನ ಕಡೆ ನೋಡುತ್ತಲೇ, “ಈಗ ಯಾರು ಕೇಳ್ತಾರಮ್ಮ?” ಎಂದಳು.

ಮಗು ಬದುಕಿತು. ಐದನೆಯ ದಿನ ಎದ್ದು ಕುಳಿತು ಗಂಜಿ ಕುಡಿಯಿತು. ಇದನ್ನು ಇಲ್ಲೇ ಹೇಳಿಬಿಡುತ್ತಿದ್ದೇನೆ, ಓದುವವರನ್ನು ಕಾಯಿಸಿ ಆತಂಕ ಹುಟ್ಟಿಸುವ ಉದ್ದೇಶ ನನಗಿಲ್ಲ. ಪೊಲೀಸರಿಗೆ ಡಾಕ್ಟರು ಆಕಸ್ಮಿಕವೆಂದು ಬರೆದು ಕೊಟ್ಟರು. ಯಾರೂ ನಮ್ಮ ಮನೆಗೆ ಬರಲಿಲ್ಲ.

ಉಳಿದದ್ದು ಸುದ್ದಿ. ಮೂವರು ಅಸ್ವಸ್ಥರಾದ ಪ್ರಕರಣವನ್ನು ಬಾತ್ಮೀದಾರ ಬಿಡುವಂತಿಲ್ಲ. ಬಿಟ್ಟರೆ ಬೇರೆ ಪತ್ರಿಕೆಯವರು ಬರೆಯುತ್ತಾರೆ, ಕಚೇರಿಯಿಂದ ಪ್ರಶ್ನೆ ಬರುತ್ತದೆ. ಅಂದೇ ಸಂಜೆ ಬರೆದು, ಮಾಮೂಲಿನಂತೆ ರೈಲಿಗೆ ಲಕೋಟೆ ಕೊಟ್ಟೆ. ‘ಮುಳುಗಡೆ ಪ್ರದೇಶದಿಂದ ಬಂದು ಸಾಗರದಲ್ಲಿ ನೆಲೆಸಿರುವ ಒಂದು ಕುಟುಂಬದ ಮೂವರು ಅಪರಿಚಿತ ಗೆಡ್ಡೆ ತಿಂದು ಅಸ್ವಸ್ಥರಾಗಿ ಆಸ್ಪತ್ರೆಗೆ ಸೇರಿದ್ದಾರೆ.’ ಪ್ರತಿ ಪದವನ್ನೂ ತೂಗಿ ಇಟ್ಟಿದ್ದೆ. ಗೆಡ್ಡೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ‘ಅಪರಿಚಿತ’ ಎಂಬ ಪದವನ್ನು ಆರಿಸಿದವನು ನಾನೇ. ಆ ಗೆಡ್ಡೆ ಅವರಿಗೆ ಅಪರಿಚಿತ, ನನಗಲ್ಲ.

ಕಚೇರಿಯಲ್ಲಿ ಸುದ್ದಿ ತಿದ್ದಿದವರು ಅದನ್ನು ಇನ್ನೂ ಚಿಕ್ಕದು ಮಾಡಿ, ತಲೆಬರಹ ಕೊಟ್ಟರು: ಕಾಡುಗೆಡ್ಡೆ ತಿಂದು ಮೂವರು ಅಸ್ವಸ್ಥ. ಅವರ ತಪ್ಪಿಲ್ಲ. ನಾನು ಖಾಲಿ ಬಿಟ್ಟ ಜಾಗವನ್ನು ಅವರು ತಮಗೆ ತೋಚಿದ್ದರಿಂದ ತುಂಬಿದ್ದರು.

ನಾಲ್ಕೇ ಸಾಲು. ಅಷ್ಟು ಸಾಕಾಯಿತು. ಮುಳುಗಡೆಯವರು ಸಿಕ್ಕಿದ್ದನ್ನೆಲ್ಲ ಅಗೆದು ತಿನ್ನುತ್ತಾರೆ ಎಂದು ಹೋಟೆಲಿನ ಬೆಂಚಿನಲ್ಲಿ ಮಾತಾಯಿತು. ಅವ್ರು ಬಿದಿರು ಮೆಳೆನೂ ಬಿಡಲ್ಲ ಮಾರಾಯ್ರೆ ಎಂದು ಒಬ್ಬರು ನನ್ನೆದುರಿಗೇ ಹಾಸ್ಯ ಮಾಡಿದರು. ನಾನು ಚಹಾ ಕುಡಿದು ಎದ್ದೆ. ಅವಳು ಕೆಲಸಕ್ಕೆ ಹೋಗುತ್ತಿದ್ದ ಇನ್ನೆರಡು ಮನೆಯವರು, ಸ್ವಲ್ಪ ದಿನ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಏನು ತಿಂದವಳೋ, ಏನು ಮುಟ್ಟಿದ ಕೈಯೋ. ಅಮ್ಮ ಆ ಎರಡೂ ಮನೆಗೆ ಹೋಗಿ ತನ್ನಿಂದಾದ ಕೆಲಸವೆಂದು ಹೇಳಿ ಬಂದಳು. ಅವರು ಕಾಫಿ ಕೊಟ್ಟರು, ಅವಳ ಒಳ್ಳೆಯತನವನ್ನು ಹೊಗಳಿದರು, ಪೇಪರಿನಲ್ಲಿ ಬಂದಿದೆಯಲ್ಲ ಎಂದರು.

ನವರಾತ್ರಿಗೆ ಮುಂಚೆ ನಾನು ಜೋಪಡಿಗೆ ಹೋದೆ. ಅವಳು ಬಿಸಿಲಲ್ಲಿ ಕುಳಿತು ಮಗಳ ತಲೆ ಬಾಚುತ್ತಿದ್ದಳು. ಎದ್ದು ನಿಂತಳು. ಬುಟ್ಟಿ ಹೊರಗೆ ಸೂರಿನ ಕೆಳಗಿತ್ತು, ಉಳಿದ ಗೆಡ್ಡೆಗಳು ಅದರಲ್ಲೇ.

“ನಿಮ್ದು ತಗಂಡು ಹೋಗಿ ಅಯ್ಯಾ. ಮಕ್ಳಿರೋ ಜಾಗ.”

ಆ ಬೆಳಿಗ್ಗೆ ಗೆಡ್ಡೆ ಹೆಚ್ಚಿದಾಗ ಏನೂ ಅನ್ನಿಸಲಿಲ್ಲವೆ ಎಂದು ಕೇಳಿದೆ. ಆ ಪ್ರಶ್ನೆ ಕೇಳಿದ್ದು ಯಾವ ಹಕ್ಕಿನಿಂದ ಎಂದು ಈಗ ಅನ್ನಿಸುತ್ತದೆ. ಅವಳು ಉತ್ತರಿಸಿದಳು.

“ಅನ್ನಿಸ್ತು. ಲೋಳೆ ಲೋಳೆ ಇತ್ತು. ಕಣ್ಣಾಗೆ ನೀರು ಬರ್ಲಿಲ್ಲ. ಅಯ್ನೋರ ಮನೆ ನೀರುಳ್ಳೀನೂ ಮಡಿ ಕಣೋ, ವಾಸ್ನೇನೇ ಇಲ್ಲ ಅಂತ ಇವ್ರಪ್ಪಂಗೆ ಹೇಳಿ ನಗಾಡ್ದೆ. ಕಾಡಾಗೆ ಸಿಕ್ಕಿದ್ದಾಗಿದ್ರೆ ಬಿಸಾಕ್ತಿದ್ದೆ. ಅಮ್ಮ ಕೊಟ್ಟಿದ್ದು ಅಂತ ಹಾಕ್ದೆ.”

ಆಮೇಲೆ, “ಪೇಪರ್ನಾಗೆ ಎಂತ ಬರ್ದೀರಿ ಅಯ್ಯಾ? ನಂಗೆ ಓದಾಕ್ ಬರಲ್ಲ. ಎಲ್ರೂ ಏನೇನೋ ಹೇಳ್ತಾರೆ” ಎಂದಳು.

ಹೇಳಿದೆ. ತಲೆಬರಹವನ್ನೂ ಹೇಳಿದೆ.

ಅವಳು ಬಾಚಣಿಗೆಯಿಂದ ಕೂದಲು ಬಿಡಿಸಿ ತೆಗೆದಳು. “ಕಾಡುಗೆಡ್ಡೆ ತಿಂದು ನಮಗೆ ಯಾವತ್ತೂ ಏನೂ ಆಗಿಲ್ಲ. ನಮ್ಮವ್ವ, ಅವಳವ್ವ, ಯಾರಿಗೂ ಆಗಿಲ್ಲ. ಯಾವ್ದು ತಿನ್ಬೇಕು, ಯಾವ್ದು ಬಿಡ್ಬೇಕು ಅಂತ ನಮಗೆ ಗೊತ್ತೈತೆ. ಊರು ಹೋತು, ಮನೆ ಹೋತು. ಇದೊಂದು ಗೊತ್ತಿತ್ತು ಅನ್ನೋದಾದ್ರೂ ಇತ್ತಲ್ಲ ಅಯ್ಯಾ. ಅದ್ನೂ ಪೇಪರ್ನಾಗೆ ಅಳಿಸ್ಬಿಟ್ರಿ.”

ಸರಿಮಾಡಿಸುತ್ತೇನೆ ಎಂದೆ.

ಅಂದೇ ಬರೆದೆ. ‘ಸಾಗರದಲ್ಲಿ ಮೂವರು ಅಸ್ವಸ್ಥರಾದ ಪ್ರಕರಣದಲ್ಲಿ ಅವರು ತಿಂದದ್ದು ಕಾಡುಗೆಡ್ಡೆಯಲ್ಲ. ಈ ಬಾತ್ಮೀದಾರನ ಮನೆಯಿಂದ ನೀರುಳ್ಳಿಯೆಂದು ತಪ್ಪಾಗಿ ಕೊಟ್ಟ ಹೂವಿನ ಗೆಡ್ಡೆ. ಆ ಕುಟುಂಬದವರ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ.’ ನಾನು ಪತ್ರಿಕೆಗೆ ಬರೆದವುಗಳಲ್ಲಿ ಇಷ್ಟು ನೇರವಾದದ್ದು ಬೇರೆ ಇಲ್ಲ. ಎಂಟು ದಿನದ ನಂತರ ಕಚೇರಿಯಿಂದ ಒಂದು ಕಾರ್ಡು ಬಂತು. ಸುದ್ದಿ ಹಳೆಯದಾಗಿದೆ, ಬಾತ್ಮೀದಾರರು ತಮ್ಮ ಮನೆವಾರ್ತೆಯನ್ನು ಪತ್ರಿಕೆಗೆ ತರಬಾರದು. ಇನ್ನೊಮ್ಮೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ. ಕೆಲಸ ಬಿಡುತ್ತೇನೆ ಎಂದು ಬರೆಯಬಹುದಿತ್ತು. ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಬರೆಯಲಿಲ್ಲ.

ಬುಟ್ಟಿಯನ್ನು ನಾನು ಮನೆಗೆ ತಂದಿದ್ದೆ. ದೀಪಾವಳಿ ಕಳೆಯಿತು. ನೆಡುವ ಹೊತ್ತು. ಹಿತ್ತಿಲ ಮಡಿಯಲ್ಲಿ ಹುಲ್ಲು ಬೆಳೆದಿತ್ತು. ಒಂದು ಬೆಳಿಗ್ಗೆ ಅಮ್ಮ ಬುಟ್ಟಿಯನ್ನು ಎತ್ತಿ ತಂದು ನನ್ನ ಮುಂದಿಟ್ಟು, “ನೆಟ್ರೆ ನೆಡು, ಸುಟ್ರೆ ಸುಡು. ಮನೆ ಒಳಗೆ ಮಾತ್ರ ಇಡಡ” ಎಂದಳು. ನಾನು ಗೆಡ್ಡೆಗಳನ್ನು ಓಣಿಯ ಕೊನೆಯ ಹಾಳುಬಾವಿಗೆ ಹಾಕಿ ಬಂದೆ. ಹುರಿ ಬಿಚ್ಚಿ ಬುಟ್ಟಿಯನ್ನು ಒಲೆಗೆ ಹಾಕಿದಳು ಅಮ್ಮ.

ಮುಳುಗಡೆಯವರಿಗೆ ಜಮೀನು ಮಂಜೂರಾದ ಸುದ್ದಿಯನ್ನು ಚಳಿಗಾಲದಲ್ಲಿ ನಾನೇ ಬರೆದೆ. ಲಾರಿಗಳು ಬಂದವು. ಹೊರಡುವ ದಿನ ಅವಳು ನಮ್ಮ ಅಂಗಳಕ್ಕೆ ಬಂದಳು. ನನ್ನ ಹೆಂಡತಿ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ತಂದು ತೋರಿಸಿದಳು. ಅಮ್ಮ ಒಂದು ಸೀರೆ, ಅವಲಕ್ಕಿ, ಬೆಲ್ಲ ಕೊಟ್ಟಳು. ಅವಳು ಬೆಲ್ಲದ ಗಂಟನ್ನು ಬಿಚ್ಚಿ ನೋಡಿ, ಮತ್ತೆ ಕಟ್ಟಿದಳು. ಅಮ್ಮ ಅದನ್ನು ನೋಡಿದಳು.

ಗೇಟಿನ ಹತ್ತಿರ ನನ್ನನ್ನು ಕಂಡು ನಿಂತಳು. “ಸರಿಮಾಡ್ತೀನಿ ಅಂದಿದ್ರಲ್ಲ ಅಯ್ಯಾ, ಪೇಪರ್ನಾಗೆ. ಬಂತಾ?”

“ಇನ್ನೂ ಇಲ್ಲ.”

“ಬಂದ್ರೆ ಹೇಳಿ ಕಳ್ಸಿ. ಅಲ್ಲಿ ಓದಾಕ್ ಬರೋರು ಯಾರಾದ್ರೂ ಇರ್ತಾರೆ.”

ಹೇಳಿ ಕಳಿಸುತ್ತೇನೆ ಎಂದೆ. ಅವರಿಗೆ ಜಮೀನು ಸಿಕ್ಕ ಊರಿನ ಹೆಸರು ನನ್ನ ಟಿಪ್ಪಣಿ ಪುಸ್ತಕದಲ್ಲಿ, ನರ್ಗಿಸ್ ಪುಟದ ಹಿಂಬದಿಯಲ್ಲಿ, ಇದೆ. ಹೇಳಿ ಕಳಿಸುವಂಥದ್ದು ಏನೂ ಅಚ್ಚಾಗಲಿಲ್ಲ.